ಸೋತವನಿಗೂ ಒಂದು ಮಣೆ: ತಾಳಗುಂದದಿಂದ ವಿಯೆನ್ನಾವರೆಗೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಪ್ರಶಸ್ತಿ ಅದರ ಮೇಲೆ ಕೆತ್ತಲ್ಪಟ್ಟಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಕಥೆ ಕನ್ನಡಿಗರಿಗೆಲ್ಲ ಪರಿಚಿತವಾದುದೇ. ಆದರೆ ಆ ಶಾಸನವನ್ನು ಓದುವವರು ಸಾಮಾನ್ಯವಾಗಿ ಮಯೂರಶರ್ಮನ ಶೌರ್ಯದ ಕಡೆಗೆ ನೋಡುತ್ತಾರೆಯೇ ಹೊರತು, ಅವನ ಎದುರಾಳಿಗಳಾದ ಪಲ್ಲವರ ಕಡೆಗೆ ನೋಡುವುದಿಲ್ಲ. ಈ ಪ್ರಬಂಧಕ್ಕೆ ಬೇಕಾಗಿರುವುದು ಪಲ್ಲವರ ನಡೆ.

ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಬ್ರಾಹ್ಮಣ ಯುವಕ, ಅಲ್ಲಿ ಪಲ್ಲವರ ಕುದುರೆಸವಾರನೊಡನೆ ಉಂಟಾದ ಕಲಹದಿಂದ ಅವಮಾನಿತನಾಗಿ ಶಸ್ತ್ರ ಹಿಡಿದನು. ಪಲ್ಲವರ ಗಡಿರಕ್ಷಕರನ್ನು ಸೋಲಿಸಿದನು. ಶ್ರೀಪರ್ವತದ ಸುತ್ತಣ ದುರ್ಗಮ ಅರಣ್ಯದಲ್ಲಿ ನೆಲೆನಿಂತು, ಬೃಹದ್ಬಾಣರಿಂದಲೂ ಇತರ ಅರಸರಿಂದಲೂ ಕಪ್ಪ ವಸೂಲುಮಾಡಿದನು. ಕಂಚಿಯ ಅರಸರ ಕಣ್ಣಿಗೆ ಅವನು ಆಗ ಕೇವಲ ಒಬ್ಬ ದಂಗೆಕೋರ. ಅವರು ಸೈನ್ಯದೊಡನೆ ಬಂದಾಗ ಅವನು ರಾತ್ರಿಯ ವೇಳೆ ಮೇಲೆರಗಿ ಅವರನ್ನು ಕಾಡಿದನು. ಇನ್ನಷ್ಟು ಸೇನೆಯನ್ನು ಕರೆಸಿ ಕಾಡನ್ನು ಸುಟ್ಟು ಅವನನ್ನು ಹಿಡಿಯುವ ಪ್ರಯತ್ನವನ್ನು ಪಲ್ಲವರು ಮುಂದುವರಿಸಬಹುದಾಗಿತ್ತು. ಆದರೆ ಅವನ ಪರಾಕ್ರಮವನ್ನೂ ಕುಲವನ್ನೂ ಕಂಡು, ಇವನನ್ನು ನಾಶಮಾಡುವುದಕ್ಕಿಂತ ಮಿತ್ರನನ್ನಾಗಿ ಪಡೆಯುವುದು ಲೇಸೆಂದು ಅವರು ಬಗೆದರು. ಅವನು ಅವರ ಸೇವೆಗೆ ಸೇರಿ ಯುದ್ಧಗಳಲ್ಲಿ ಅವರನ್ನು ಮೆಚ್ಚಿಸಿದನು. ಅವರು ಅವನಿಗೆ ಪಟ್ಟಬಂಧದ ಗೌರವವನ್ನು ನೀಡಿ, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನಾಡನ್ನು ಬಿಟ್ಟುಕೊಟ್ಟರು. ಹೀಗೆ ಬನವಾಸಿಯ ರಾಜ್ಯ ಹುಟ್ಟಿದ್ದು ಒಂದು ಯುದ್ಧದಿಂದಲ್ಲ. ಯುದ್ಧವನ್ನು ನಿಲ್ಲಿಸಿದ ಒಂದು ಸಂಧಿಯಿಂದ.

ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿಗಳು ತಮ್ಮ ‘ನೀತಿವಾಕ್ಯಾಮೃತ’ದಲ್ಲಿ ಸಂಧಿ, ವಿಗ್ರಹ ಮೊದಲಾದ ಷಾಡ್ಗುಣ್ಯವನ್ನು ವಿವರವಾಗಿ ಚರ್ಚಿಸಿದ್ದಾರೆ. ಮುನಿಗಳೊಬ್ಬರು ರಾಜನೀತಿಯನ್ನು ಬರೆಯುವುದೇ ಎಂದು ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ಯುದ್ಧ ಮುಗಿದ ಮೇಲೆ ಗೆದ್ದವನ ಮನಸ್ಸಿನಲ್ಲಿ ಉಳಿಯುವ ಕ್ರೋಧ, ಮಾನ, ಲೋಭಗಳನ್ನು ಬಲ್ಲವರು ಅದನ್ನು ಬರೆಯದೆ ಮತ್ತಾರು ಬರೆಯಬೇಕು?

ತಾಳಗುಂದದ ಸ್ತಂಭ ನಿಂತು ಹದಿಮೂರು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಅದೇ ಶಿಕಾರಿಪುರ ಸೀಮೆಯಲ್ಲಿ ಇನ್ನೊಬ್ಬ ದಂಗೆಕೋರ ಕಾಣಿಸಿಕೊಂಡನು. ಅವನನ್ನು ಬೆನ್ನಟ್ಟಿದ ಸೈನ್ಯಗಳ ಮೇಲಧಿಕಾರಿಯಾಗಿದ್ದವನು ಮುಂದೆ ಯೂರೋಪಿನ ಶಾಂತಿ ಸ್ಥಾಪಕರಲ್ಲಿ ಒಬ್ಬನಾಗಿ ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ, ಅಂದರೆ ಡ್ಯೂಕ್ ಆಫ್ ವೆಲಿಂಗ್ಟನ್. ಒಬ್ಬನೇ ವ್ಯಕ್ತಿ ಮಲೆನಾಡಿನ ಅಂಚಿನಲ್ಲಿ ಒಂದು ಬಗೆಯ ಶಾಂತಿಯನ್ನೂ, ಫ್ರಾನ್ಸಿನಲ್ಲಿ ಇನ್ನೊಂದು ಬಗೆಯ ಶಾಂತಿಯನ್ನೂ ಕಟ್ಟುವುದರಲ್ಲಿ ಕೈಯಿಟ್ಟನು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ.

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಅಂದು ರಾತ್ರಿ ನಗರದಲ್ಲಿ ಭೀಕರ ಸುಲಿಗೆ ನಡೆಯಿತು. ಮರುದಿನ ನಗರದ ಹೊಣೆ ವಹಿಸಿಕೊಂಡ ವೆಲ್ಲೆಸ್ಲಿ ತನ್ನ ಕಡೆಯ ಸುಲಿಗೆಕೋರರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದನು. ಬಳಿಕ ಮೈಸೂರಿನ ಭವಿಷ್ಯವನ್ನು ನಿರ್ಧರಿಸಲು ಗವರ್ನರ್ ಜನರಲ್ ಆಗಿದ್ದ ಅವನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಒಂದು ಆಯೋಗವನ್ನು ನೇಮಿಸಿದನು. ಜನರಲ್ ಹ್ಯಾರಿಸ್, ಆರ್ಥರ್ ವೆಲ್ಲೆಸ್ಲಿ, ಅವನ ತಮ್ಮ ಹೆನ್ರಿ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಅದರ ಸದಸ್ಯರು. ಮುಂದೆ ಹೆಸರುವಾಸಿಯಾದ ಮಾಲ್ಕಮ್ ಮತ್ತು ಮನ್ರೋ ಕಾರ್ಯದರ್ಶಿಗಳು. ಒಂದೇ ಮನೆಯ ಮೂವರು ಸೋದರರು ಒಂದು ರಾಜ್ಯದ ಹಣೆಬರಹ ಬರೆದ ಸಂದರ್ಭವಿದು.

ಜೂನ್ ೨೨ರಂದು ವಿಭಜನೆಯ ಒಪ್ಪಂದವಾಯಿತು. ಕೆನರಾ, ಕೊಯಮತ್ತೂರು, ವಯನಾಡು, ಶ್ರೀರಂಗಪಟ್ಟಣದ ದ್ವೀಪ ಮುಂತಾದವು ಕಂಪನಿಗೆ. ಗುತ್ತಿ, ಗುರ್ರಂಕೊಂಡ ಮೊದಲಾದ ಈಶಾನ್ಯದ ಭಾಗಗಳು ನಿಜಾಮನಿಗೆ. ಹರಪನಹಳ್ಳಿ, ಸೋದೆ, ಆನೆಗೊಂದಿ ಮುಂತಾದ ಸೀಮೆಗಳನ್ನು ಷರತ್ತುಗಳ ಮೇಲೆ ಪೇಶ್ವೆಗೆಂದು ತೆಗೆದಿರಿಸಲಾಗಿತ್ತು. ಆತನು ಷರತ್ತುಗಳಿಗೆ ಒಪ್ಪದೆ ಹೋದುದರಿಂದ ಅವೂ ಕಂಪನಿ ಮತ್ತು ನಿಜಾಮರೊಳಗೆ ಹಂಚಿಹೋದವು. ಉಳಿದ ಮಧ್ಯಭಾಗವನ್ನು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟು, ಜೂನ್ ೩೦ರಂದು ಮೈಸೂರಿನಲ್ಲಿ ಪಟ್ಟಗಟ್ಟಲಾಯಿತು. ಜುಲೈ ೮ರ ಸಹಾಯಕ ಸೈನ್ಯ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ಪಗೋಡಗಳನ್ನು ಕಂಪನಿಗೆ ಕೊಡಬೇಕಾಯಿತು. ಆಡಳಿತ ಸರಿಯಿಲ್ಲವೆಂದು ಕಂಡರೆ ಅದನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಅದರಲ್ಲಿ ಬರೆಸಿಕೊಂಡಿತು.

ಈ ಏರ್ಪಾಡಿನಲ್ಲಿ ಒಳ್ಳೆಯ ಅಂಶಗಳಿಲ್ಲದೆ ಇರಲಿಲ್ಲ. ನಾಲ್ಕು ದಶಕಗಳ ಕಾಲ ಅಧಿಕಾರದಿಂದ ದೂರವಿದ್ದ ಹಳೆಯ ರಾಜಮನೆತನಕ್ಕೆ ಸಿಂಹಾಸನ ಮರಳಿತು. ಟಿಪ್ಪುವಿನ ದಿವಾನರಲ್ಲಿ ಒಬ್ಬರಾಗಿದ್ದ ಪೂರ್ಣಯ್ಯನವರನ್ನೇ ಹೊಸ ರಾಜ್ಯದ ದಿವಾನರನ್ನಾಗಿ ಉಳಿಸಿಕೊಳ್ಳಲಾಯಿತು. ಟಿಪ್ಪುವಿನ ಮಕ್ಕಳಿಗೂ ಅವನ ಮುಖ್ಯ ಸರದಾರರಿಗೂ ಜೀವನಾಂಶ ದೊರೆಯಿತು. ಆದರೆ ಒಪ್ಪಂದವನ್ನು ಮಾಡಿದವರು ಗೆದ್ದವರು ಮಾತ್ರ. ಯಾರ ನೆಲ ಹಂಚಿಹೋಗುತ್ತಿತ್ತೋ ಅವರ ಕಡೆಯಿಂದ ಆ ಮೇಜಿನ ಬಳಿ ಕುಳಿತವರು ಯಾರೂ ಇರಲಿಲ್ಲ. ಐದು ವರ್ಷದ ಮಗು ಏನನ್ನು ಕೇಳೀತು? ಇನ್ನು ಸರದಾರರಲ್ಲದ ಸಾಮಾನ್ಯ ಸಿಪಾಯಿಗಳ, ಅದರಲ್ಲಿಯೂ ರಾತ್ರೋರಾತ್ರಿ ಅನ್ನ ಕಳೆದುಕೊಂಡ ಸಾವಿರಾರು ಕುದುರೆ ಸವಾರರ ವಿಚಾರದಲ್ಲಿ ಆ ಮೊದಲ ವಾರಗಳಲ್ಲಿ ಯಾವ ಗಟ್ಟಿ ಏರ್ಪಾಡೂ ಆಗಲಿಲ್ಲ.

ಆ ಕೊರತೆಯ ಫಲ ಮೊದಲು ಕಂಡುಬಂದದ್ದು ಶಿವಮೊಗ್ಗ, ನಗರ, ಶಿಕಾರಿಪುರಗಳ ಸೀಮೆಯಲ್ಲಿ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಎಂಬ ಮರಾಠ ವೀರನು ಹೈದರನ ಸೇವೆಯಲ್ಲಿದ್ದು, ಮುಂದೆ ಸ್ವತಂತ್ರನಾಗಿ ಸುಲಿಗೆಗೆ ತೊಡಗಿ, ಕೊನೆಗೆ ಟಿಪ್ಪುವಿನ ಸೆರೆಯಾಳಾಗಿ ಶ್ರೀರಂಗಪಟ್ಟಣದಲ್ಲಿದ್ದನು. ಕೋಟೆ ಬಿದ್ದ ಗೊಂದಲದಲ್ಲಿ ಅವನಿಗೆ ಬಿಡುಗಡೆಯಾಯಿತು. ಅವನು ನೇರವಾಗಿ ತನ್ನ ಹುಟ್ಟುನಾಡಿನ ಕಡೆಗೆ ಬಂದನು. ಕೆಲಸವಿಲ್ಲದ ಸವಾರರು ಅವನ ಹಿಂದೆ ಬಂದರು. ಬಿದನೂರು, ಶಿವಮೊಗ್ಗಗಳಂಥ ಸ್ಥಳಗಳು ಕೆಲವು ವಾರಗಳಲ್ಲಿಯೇ ಅವನ ವಶವಾದವು. ‘ಉಭಯಲೋಕಾಧೀಶ್ವರ’ನೆಂದು ಅವನು ತನ್ನನ್ನು ತಾನೇ ಕರೆದುಕೊಂಡನು. ಬಿರುದು ನಗೆ ತರಿಸುವಂಥದೇ. ಆದರೂ ಆ ಬಿರುದಿನ ಹಿಂದೆ ಹೋದವರ ಹಸಿವು ನಗುವ ವಿಷಯವಾಗಿರಲಿಲ್ಲ.

ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್ರಿಂಪಲ್ ಎರಡು ಕಡೆಗಳಿಂದ ಅವನ ಮೇಲೆ ನಡೆದರು. ಆಗಸ್ಟ್ ತಿಂಗಳಲ್ಲಿ, ಮಳೆಗಾಲದ ನಡುವೆ, ಶಿಕಾರಿಪುರದ ಬಳಿ ಅವನ ದಂಡು ಸೋತಿತು. ಅಲ್ಲಿಯ ಕೋಟೆಯೂ ಅವನ ಕೈತಪ್ಪಿತು. ಮಳಿಯನಹಳ್ಳಿಯೆಂದೂ ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವೆಂದೂ ಹೆಸರಿದ್ದ ಊರು ಅದು. ಹೈದರನೋ ಟಿಪ್ಪುವೋ ಬೇಟೆಯ ಸಮೃದ್ಧಿಯನ್ನು ಕಂಡು ಅದಕ್ಕೆ ಶಿಕಾರಿಪುರವೆಂದು ಹೆಸರಿಟ್ಟರೆಂದು ಹೇಳುತ್ತಾರೆ. ಮಹಾದಾನದ ಹೆಸರಿನ ಊರು ಬೇಟೆಯ ಹೆಸರಿನ ಊರಾಗಿ, ಕೊನೆಗೆ ಅಲ್ಲಿ ಮನುಷ್ಯರ ಬೇಟೆಯೇ ನಡೆಯಿತು.

ಧೋಂಡಿಯನು ಗಡಿ ದಾಟಿ ಮರಾಠರ ಸೀಮೆಗೆ ಓಡಿದನು. ಮರಾಠ ಸರದಾರ ಧೋಂಡೋಪಂತ ಗೋಖಲೆ ಅಲ್ಲಿ ಅವನ ಪಾಳೆಯವನ್ನು ಸೂರೆಮಾಡಿದನು. ಶಾಂತಿ ನೆಲೆಸಿತೆಂದು ಎಲ್ಲರೂ ತಿಳಿದರು. ಆದರೆ ಮರುವರ್ಷ ಅವನು ಮೊದಲಿಗಿಂತ ಹೆಚ್ಚಿನ ಬಲದೊಡನೆ ಎದ್ದನು. ೧೮೦೦ರ ಜೂನ್ ಕೊನೆಯಲ್ಲಿ ಕಿತ್ತೂರಿನ ಬಳಿ ಆ ಗೋಖಲೆಯನ್ನೇ ಕೊಂದನು. ಆಗ ವೆಲ್ಲೆಸ್ಲಿ ಸ್ವತಃ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರು, ಸವಣೂರು, ಮಲಪ್ರಭೆಯ ತೀರದ ಮುನವಳ್ಳಿ, ಹೀಗೆ ಊರೂರು ಬೆನ್ನಟ್ಟಿದನು. ಸೆಪ್ಟೆಂಬರ್ ೧೦ರಂದು ಕೋಣಗಲ್ ಎಂಬಲ್ಲಿ ನಾಲ್ಕು ಅಶ್ವದಳಗಳ ಒಂದೇ ದಾಳಿಯಲ್ಲಿ ಧೋಂಡಿಯನು ಮಡಿದನು.

ಅವನ ಸಾಮಾನು ಸರಂಜಾಮುಗಳ ನಡುವೆ ಸಲಾಬತ್ ಖಾನ್ ಎಂಬ ಚಿಕ್ಕ ಬಾಲಕ ಸಿಕ್ಕಿದನು. ಧೋಂಡಿಯನ ಮಗನೆಂದು ಹೆಸರಾದವನು. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ಸಾಕಿದನು. ಭಾರತವನ್ನು ಬಿಡುವಾಗ ಅವನ ಪಾಲನೆಗಾಗಿ ತನ್ನ ಹಣದಿಂದ ನೂರಾರು ಪೌಂಡುಗಳನ್ನು ಇಟ್ಟುಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದನು. ತಂದೆಯನ್ನು ಕೊಂದ ಕೈ ಮಗನನ್ನು ಸಾಕಿದ ಈ ಪ್ರಸಂಗವನ್ನು ಆಂಗ್ಲ ಲೇಖಕರು ವೆಲ್ಲೆಸ್ಲಿಯ ಔದಾರ್ಯಕ್ಕೆ ಸಾಕ್ಷಿಯಾಗಿ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಅದೇ ವೆಲ್ಲೆಸ್ಲಿ ೧೮೦೨ರಲ್ಲಿ ಬಲಂ ಸೀಮೆಯ ಕೃಷ್ಣಪ್ಪ ನಾಯಕನನ್ನು ಸೆರೆಹಿಡಿಸಿ ಗಲ್ಲಿಗೇರಿಸಿದುದನ್ನೂ ಮರೆಯಬಾರದು. ಒಬ್ಬ ವ್ಯಕ್ತಿಯ ಕರುಣೆ ಬೇರೆ, ಒಂದು ವ್ಯವಸ್ಥೆಯ ನ್ಯಾಯ ಬೇರೆ.

ಹದಿನಾರು ತಿಂಗಳ ಈ ಅನಾಹುತದಿಂದ ಪಾಠ ಕಲಿತವರು ಪೂರ್ಣಯ್ಯನವರು. ಸಿಲ್ಲೆದಾರ ಸವಾರರನ್ನೂ, ಕಂದಾಚಾರದ ಕಾಲಾಳುಗಳನ್ನೂ ಸರ್ಕಾರದ ಸಂಬಳಕ್ಕೆ ತೆಗೆದುಕೊಂಡು, ಶಸ್ತ್ರವಲ್ಲದೆ ಬೇರೆ ಕಸುಬು ತಿಳಿಯದವರಿಗೆ ಊರಲ್ಲಿಯೇ ಬದುಕು ಕಲ್ಪಿಸಿದರು. ದಂಡು ಬೇಕೆಂಬುದಕ್ಕಿಂತ, ಇವರು ಅಲೆಯದಿರಲಿ ಎಂಬುದು ಅದರಲ್ಲಿ ದೊಡ್ಡ ಉದ್ದೇಶವಾಗಿತ್ತು. ಪಲ್ಲವರು ಮಯೂರಶರ್ಮನಿಗೆ ಮಾಡಿದುದನ್ನೇ ಪೂರ್ಣಯ್ಯನವರು ಸಾವಿರಾರು ಅನಾಮಧೇಯರಿಗೆ ಸಣ್ಣ ಪ್ರಮಾಣದಲ್ಲಿ ಮಾಡಿದರೆನ್ನಬಹುದು.

ಇನ್ನು ನೆಲದ ಮಾತು. ೧೭೯೯ರ ಹಂಚಿಕೆಯಲ್ಲಿ ಶಿಕಾರಿಪುರ, ಸೊರಬ, ಚಂದ್ರಗುತ್ತಿಗಳು ಮೈಸೂರಿಗೆ ಉಳಿದವು. ವರದಾ ನದಿಯ ಆಚೆ ದಡದ ಬನವಾಸಿಯೂ, ಸೋದೆ, ಶಿರಸಿಗಳೂ ಕಂಪನಿಗೆ ಹೋದವು. ಕದಂಬರ ರಾಜಧಾನಿ ಒಂದು ಕಡೆ, ಅವರ ಪ್ರಶಸ್ತಿಯ ಕಂಬ ಇನ್ನೊಂದು ಕಡೆ. ಹೊಸದಾಗಿ ಗೆದ್ದ ನಾಡನ್ನು ಸಮೀಕ್ಷೆ ಮಾಡಲು ೧೮೦೦–೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬನವಾಸಿಯಿಂದ ಹೊರಟು ಚಂದ್ರಗುತ್ತಿಗೆ ಬರುವಾಗ ಒಂದು ಆಳ್ವಿಕೆಯಿಂದ ಇನ್ನೊಂದು ಆಳ್ವಿಕೆಗೆ ಕಾಲಿಟ್ಟನು; ನುಡಿ, ಬೆಳೆ, ದೇವರು ಎರಡು ಕಡೆಯೂ ಒಂದೇ. ಜೈನ ಸಮಾಜಕ್ಕೂ ಈ ಗೆರೆ ತಾಗಿತು. ಹೊಂಬುಜದ ಮಠ ಮೈಸೂರು ರಾಜ್ಯದಲ್ಲಿ ಉಳಿಯಿತು. ಸ್ವಾದಿಯ ಮಠವೂ ಮೂಡುಬಿದಿರೆ, ಕಾರ್ಕಳಗಳೂ ಕಂಪನಿಯ ಆಡಳಿತಕ್ಕೆ ಸೇರಿದವು. ಘಟ್ಟದ ಮೇಲಿನ ಶ್ರಾವಕರಿಗೂ ಕೆಳಗಿನ ಶ್ರಾವಕರಿಗೂ ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ಕಾನೂನುಗಳು ಬಂದವು. ಈ ಗೆರೆಯನ್ನು ಎಳೆಯುವ ಮೊದಲು ಬಸದಿಯ ಪಾರುಪತ್ಯಗಾರರನ್ನಾಗಲಿ ಊರಿನ ಗೌಡರನ್ನಾಗಲಿ ಕೂಡಿಸಿ ಮಾಡಿದ ಸಂಧಿ ಅದಾಗಿರಲಿಲ್ಲ.

ವೆಲ್ಲೆಸ್ಲಿ ೧೮೦೫ರ ಮಾರ್ಚಿನಲ್ಲಿ ಭಾರತವನ್ನು ಬಿಟ್ಟನು. ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಕೆಲವು ದಿನ ತಂಗಿದನು. ಅವನು ಇಳಿದುಕೊಂಡಿದ್ದ ‘ಬ್ರಯರ್ಸ್’ ಎಂಬ ಆವರಣದಲ್ಲಿಯೇ ಹತ್ತು ವರ್ಷಗಳ ಬಳಿಕ ಸೆರೆಯಾಳಾದ ನೆಪೋಲಿಯನ್ನನು ತನ್ನ ಮೊದಲ ವಾರಗಳನ್ನು ಕಳೆದನು. ಕರ್ಮದ ಸೂತ್ರಗಳು ಎಲ್ಲೆಲ್ಲಿ ಸುತ್ತಿಕೊಳ್ಳುತ್ತವೆಯೋ!

ಫ್ರಾನ್ಸಿನ ಕ್ರಾಂತಿಯ ಬಳಿಕ ೧೭೯೨ರಲ್ಲಿ ಆರಂಭವಾದ ಯುದ್ಧಗಳು ಸಣ್ಣ ವಿರಾಮಗಳನ್ನು ಬಿಟ್ಟರೆ ಇಪ್ಪತ್ತೆರಡು ವರ್ಷ ನಡೆದು, ೧೮೧೪ರ ಏಪ್ರಿಲಿನಲ್ಲಿ ನೆಪೋಲಿಯನ್ನನ ಪದತ್ಯಾಗದೊಡನೆ ನಿಂತವು. ಮೇ ೩೦ರ ಪ್ಯಾರಿಸ್ ಒಪ್ಪಂದ ಫ್ರಾನ್ಸಿನ ಮೇಲೆ ಯಾವ ದಂಡವನ್ನೂ ಹೇರಲಿಲ್ಲ. ೧೭೯೨ರ ಗಡಿಗಳನ್ನು ಅದಕ್ಕೆ ಉಳಿಸಿಕೊಟ್ಟಿತು. ಉಳಿದ ವಿಷಯಗಳನ್ನು ತೀರ್ಮಾನಿಸಲು ಅದೇ ವರ್ಷದ ಶರತ್ಕಾಲದಲ್ಲಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಸಮ್ಮೇಳನ ಸೇರಿತು. ಆಸ್ಟ್ರಿಯಾದ ಮೆಟರ್ನಿಕ್, ರಷ್ಯದ ಚಕ್ರವರ್ತಿ ಅಲೆಕ್ಸಾಂಡರ್, ಪ್ರಷ್ಯದ ಹಾರ್ಡನ್‌ಬರ್ಗ್, ಇಂಗ್ಲೆಂಡಿನ ಕ್ಯಾಸಲ್‌ರೇ ಪ್ರಮುಖರು. ಈ ಕ್ಯಾಸಲ್‌ರೇ ಹಿಂದೆ ಭಾರತದ ವ್ಯವಹಾರಗಳನ್ನು ನೋಡುತ್ತಿದ್ದ ಲಂಡನ್ನಿನ ನಿಯಂತ್ರಣ ಮಂಡಳಿಯ ಅಧ್ಯಕ್ಷನಾಗಿದ್ದವನು.

ಗೆದ್ದ ನಾಲ್ವರು ತಮ್ಮೊಳಗೆ ಎಲ್ಲವನ್ನೂ ಮುಗಿಸಿ ಉಳಿದವರಿಗೆ ತಿಳಿಸುವ ಹವಣಿಕೆಯಲ್ಲಿದ್ದರು. ಆದರೆ ಸೋತ ಫ್ರಾನ್ಸಿನ ಪ್ರತಿನಿಧಿಯಾಗಿ ಬಂದ ಟಾಲಿರಾಂಡ್ ಬಾಗಿಲಲ್ಲಿ ನಿಲ್ಲುವ ಜಾತಿಯವನಲ್ಲ. ಸಂಧಿಯಾಗಿದ್ದರೆ ಇನ್ನೂ ‘ಮಿತ್ರಪಕ್ಷ’ವೆಂಬ ಮಾತು ಏಕೆ, ಯಾರ ವಿರುದ್ಧ ಈ ಮೈತ್ರಿ, ಎಂಬ ತರ್ಕದಿಂದ ಅವನು ಸಣ್ಣ ರಾಜ್ಯಗಳ ಪರವಾಗಿ ವಾದಿಸುತ್ತ ಒಳಕ್ಕೆ ಬಂದನು. ಪೋಲೆಂಡ್ ಮತ್ತು ಸ್ಯಾಕ್ಸನಿಗಳ ವಿಷಯದಲ್ಲಿ ಗೆದ್ದವರೇ ಪರಸ್ಪರ ಕತ್ತಿ ಮಸೆಯುವ ಸ್ಥಿತಿ ಬಂದಾಗ, ೧೮೧೫ರ ಜನವರಿ ೩ರಂದು ಇಂಗ್ಲೆಂಡ್, ಆಸ್ಟ್ರಿಯಾ ಮತ್ತು ಫ್ರಾನ್ಸ್ ಒಂದು ರಹಸ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಒಂಬತ್ತು ತಿಂಗಳ ಹಿಂದಿನ ಶತ್ರು ಈಗ ಸಮಾನ ಪಾಲುದಾರ! ಪ್ರಷ್ಯ ಇಡೀ ಸ್ಯಾಕ್ಸನಿಯನ್ನು ಬಯಸಿತ್ತು. ಸುಮಾರು ಐದರಲ್ಲಿ ಎರಡು ಭಾಗಕ್ಕೆ ತೃಪ್ತಿಪಡಬೇಕಾಯಿತು. ಒಬ್ಬನ ಲೋಭವನ್ನು ಇನ್ನೊಬ್ಬನ ಲೋಭ ತಡೆಯಿತೆನ್ನುವುದೇ ಸರಿ. ಅಲ್ಲಿ ಕುಳಿತವರು ಅಪರಿಗ್ರಹ ವ್ರತ ಹಿಡಿದವರೇನಲ್ಲ.

ಫೆಬ್ರವರಿಯಲ್ಲಿ ಕ್ಯಾಸಲ್‌ರೇಯ ಸ್ಥಾನಕ್ಕೆ ವೆಲಿಂಗ್ಟನ್ ಬಂದನು. ಅವನು ಬಂದ ಕೆಲವೇ ದಿನಗಳಲ್ಲಿ, ಫೆಬ್ರವರಿ ೮ರಂದು, ಗುಲಾಮರ ವ್ಯಾಪಾರವನ್ನು ಖಂಡಿಸುವ ಘೋಷಣೆಯನ್ನು ಸಮ್ಮೇಳನ ಹೊರಡಿಸಿತು. ಮನುಷ್ಯರನ್ನು ಮಾರುವುದು ಅಧರ್ಮವೆಂದು ಅಷ್ಟು ದೇಶಗಳು ಕೂಡಿ ಹೇಳಿದ್ದು ಅದೇ ಮೊದಲು; ಅದನ್ನು ಜಾರಿಗೆ ತರುವ ಗಡುವನ್ನು ಮಾತ್ರ ಯಾರೂ ಒಪ್ಪಲಿಲ್ಲ. ರೈನ್ ನದಿಯಲ್ಲಿ ಎಲ್ಲ ದಡದವರ ದೋಣಿಗಳೂ ಸಂಚರಿಸಲೆಂದು ಒಂದು ಶಾಶ್ವತ ಆಯೋಗದ ಏರ್ಪಾಡೂ ಆಯಿತು. ವರದೆಯ ಎರಡು ದಡಗಳನ್ನು ನೆನೆದಾಗ ಇದು ಚಿಕ್ಕ ಸಂಗತಿಯೆನಿಸದು.

ಮಾರ್ಚ್ ಆರಂಭದಲ್ಲಿ ನೆಪೋಲಿಯನ್ ಎಲ್ಬಾದಿಂದ ಫ್ರಾನ್ಸಿಗೆ ಮರಳಿದನು. ಸಮ್ಮೇಳನವು ಚದುರಲಿಲ್ಲ; ಜೂನ್ ೯ರಂದು ೧೨೧ ವಿಧಿಗಳ ಅಂತಿಮ ಒಪ್ಪಂದಕ್ಕೆ ಸಹಿ ಬಿತ್ತು. ಒಂಬತ್ತು ದಿನಗಳ ಬಳಿಕ ವಾಟರ್ಲೂ.

ನಿಜವಾದ ಪರೀಕ್ಷೆ ಬಂದದ್ದು ಅದರ ನಂತರ. ಒಮ್ಮೆ ಕ್ಷಮೆ ಪಡೆದೂ ಫ್ರಾನ್ಸ್ ಮತ್ತೆ ಯುದ್ಧಕ್ಕೆ ನಿಂತಿತ್ತು. ಈಗ ಕಠಿಣ ಶಿಕ್ಷೆ ಬೇಕೆಂಬ ಕೂಗು ಪ್ರಬಲವಾಗಿತ್ತು. ಪ್ರಷ್ಯದ ಸೇನಾನಿ ಬ್ಲೂಷರನು ತನ್ನ ದೇಶದ ಸೋಲಿನ ನೆನಪಿಗೆ ಕಟ್ಟಿದ್ದ ಪ್ಯಾರಿಸ್ಸಿನ ಯೇನಾ ಸೇತುವೆಯನ್ನು ಸಿಡಿಸಲು ಹೊರಟನು. ಅದನ್ನು ತಡೆಯಲು ಪಟ್ಟುಹಿಡಿದವರಲ್ಲಿ ವೆಲಿಂಗ್ಟನ್ ಒಬ್ಬನು. ಆಲ್ಸೇಸ್, ಲೊರೇನ್‌ಗಳಂಥ ಪ್ರಾಂತಗಳನ್ನು ಕಿತ್ತುಕೊಳ್ಳಬೇಕೆಂದು ಪ್ರಷ್ಯನ್ನರು ವಾದಿಸಿದಾಗ ಅವನೂ ಕ್ಯಾಸಲ್‌ರೇಯೂ ವಿರೋಧಿಸಿದರು. ಅಂಥ ನೆಲವನ್ನು ಕಳೆದುಕೊಂಡ ಜನ ಅದನ್ನು ಮರಳಿ ಪಡೆಯುವ ತನಕ ಸುಮ್ಮನಿರರೆಂಬುದು ಅವರ ತರ್ಕ. ನವೆಂಬರ್ ೨೦ರ ಎರಡನೆಯ ಪ್ಯಾರಿಸ್ ಒಪ್ಪಂದ ಫ್ರಾನ್ಸನ್ನು ೧೭೯೦ರ ಗಡಿಗೆ ತಳ್ಳಿತು. ೭೦ ಕೋಟಿ ಫ್ರಾಂಕುಗಳ ದಂಡ ವಿಧಿಸಿತು. ಅದರ ವೆಚ್ಚದಲ್ಲಿಯೇ ಒಂದೂವರೆ ಲಕ್ಷ ಪರಕೀಯ ಸೈನ್ಯವನ್ನು ಗಡಿ ಪ್ರಾಂತಗಳಲ್ಲಿ ನಿಲ್ಲಿಸಿತು. ಆದರೆ ಆ ಸೈನ್ಯಕ್ಕೆ ಗಡುವಿತ್ತು: ಹೆಚ್ಚೆಂದರೆ ಐದು ವರ್ಷ, ಪರಿಸ್ಥಿತಿ ಸುಧಾರಿಸಿದರೆ ಮೂರು. ಅದರ ಮಹಾದಂಡನಾಯಕನಾಗಿ ನೇಮಕಗೊಂಡವನು ವೆಲಿಂಗ್ಟನ್.

ಮೈಸೂರಿನಲ್ಲಿ ಕಲಿತ ಪಾಠ ಇಲ್ಲಿ ಅವನ ನೆರವಿಗೆ ಬಂದಿತು. ಧೋಂಡಿಯನನ್ನು ಬೆನ್ನಟ್ಟಿದಾಗ ಅವನ ದಂಡು ಬದುಕಿದ್ದು ಬಂಜಾರರು ಎತ್ತುಗಳ ಮೇಲೆ ತಂದ ಧಾನ್ಯದಿಂದ. ಹಳ್ಳಿಗಳನ್ನು ಸುಲಿದರೆ ಮರುದಿನ ಅಕ್ಕಿ ಮಾರುವವರೇ ಇರುವುದಿಲ್ಲವೆಂಬುದನ್ನು ಅವನು ಆಗ ಕಂಡಿದ್ದನು. ೧೮೧೩ರ ಕೊನೆಯಲ್ಲಿ ಸ್ಪೇನಿನಿಂದ ಫ್ರಾನ್ಸನ್ನು ಪ್ರವೇಶಿಸಿದಾಗ, ಫ್ರೆಂಚ್ ಹಳ್ಳಿಗಳನ್ನು ದೋಚಿದ ಸ್ಪೇನಿನ ತುಕಡಿಗಳಲ್ಲಿ ಬಹುಭಾಗವನ್ನು, ಸೈನ್ಯದ ಬಲ ಕುಗ್ಗುವುದೆಂದು ತಿಳಿದೂ, ಹಿಂದಕ್ಕೆ ಕಳುಹಿಸಿದ್ದನು. ಕಾಂಬ್ರೆಯಲ್ಲಿ ಬೀಡುಬಿಟ್ಟ ಮೂರು ವರ್ಷಗಳಲ್ಲಿಯೂ ಅದೇ ಶಿಸ್ತು. ೧೮೧೭ರಲ್ಲಿ ೩೦,೦೦೦ ಸೈನಿಕರನ್ನು ಕಡಿಮೆಮಾಡಲಾಯಿತು. ದಂಡದ ಹಣವನ್ನು ತೀರಿಸಲು ಬೇರಿಂಗ್, ಹೋಪ್ ಮೊದಲಾದ ಸಾಹುಕಾರರ ಮೂಲಕ ಸಾಲದ ಏರ್ಪಾಡಾಯಿತು. ಕೊನೆಗೆ ೧೮೧೮ರ ಅಕ್ಟೋಬರಿನಲ್ಲಿ ಎಕ್ಸ್-ಲಾ-ಷಾಪೆಲ್ ಸಮ್ಮೇಳನ ಸೇರಿ, ಗಡುವಿಗೆ ಎರಡು ವರ್ಷ ಮೊದಲೇ ಸೈನ್ಯವನ್ನು ಹಿಂತೆಗೆಯಲು ನಿರ್ಧರಿಸಿತು. ನವೆಂಬರ್ ಮುಗಿಯುವುದರೊಳಗೆ ಪರಕೀಯ ಸೈನಿಕರು ಫ್ರಾನ್ಸಿನಿಂದ ಹೊರಟುಹೋದರು. ಅದೇ ಸಮ್ಮೇಳನದಲ್ಲಿ ಫ್ರಾನ್ಸನ್ನು ಮಹಾಶಕ್ತಿಗಳ ಕೂಟಕ್ಕೆ ಐದನೆಯ ಸದಸ್ಯನಾಗಿ ಸೇರಿಸಿಕೊಳ್ಳಲಾಯಿತು.

ವಿಯೆನ್ನಾದ ಶಾಂತಿಯನ್ನು ಹೊಗಳುವಾಗ ಕೈ ತಡೆಯಬೇಕಾದ ಕಾರಣಗಳೂ ಇವೆ. ಪೋಲೆಂಡಿನ ಜನರನ್ನು ಯಾರೂ ಕೇಳಲಿಲ್ಲ. ವೆನಿಸ್ ಆಸ್ಟ್ರಿಯಾಕ್ಕೂ ಜಿನೋವಾ ಸಾರ್ಡಿನಿಯಾಕ್ಕೂ ಸರಕಿನಂತೆ ದಾಟಿಹೋದವು. ದೊರೆಗಳ ನೆಮ್ಮದಿಯನ್ನು ಪ್ರಜೆಗಳ ನೆಮ್ಮದಿಯೆಂದು ಭಾವಿಸಲಾಯಿತು. ೧೮೩೦ ಮತ್ತು ೧೮೪೮ರ ದಂಗೆಗಳು ಅದಕ್ಕೆ ಉತ್ತರವಾಗಿ ಬಂದವು. ಆದರೂ ಮಹಾಶಕ್ತಿಗಳ ನಡುವೆ ಸುಮಾರು ನಲವತ್ತು ವರ್ಷ, ಕ್ರಿಮಿಯಾದ ಕಾಳಗದವರೆಗೆ, ಯುದ್ಧವಾಗಲಿಲ್ಲ. ಇಡೀ ಖಂಡವನ್ನು ಸುಡುವ ಯುದ್ಧ ೧೯೧೪ರವರೆಗೆ ಬರಲಿಲ್ಲ. ಆ ಯುದ್ಧದ ಬಳಿಕ ೧೯೧೯ರಲ್ಲಿ ವರ್ಸೇಲ್ಸ್‌ನಲ್ಲಿ ಕೂಡಿದವರು ಸೋತ ಜರ್ಮನಿಯನ್ನು ಮಾತುಕತೆಗೆ ಕರೆಯದೆ, ಬರೆದು ಮುಗಿಸಿದ ಷರತ್ತುಗಳನ್ನು ಕೈಗಿತ್ತರು. ಶಾಂತಿ ಇಪ್ಪತ್ತು ವರ್ಷ ಬಾಳಿತು.

ಒಬ್ಬನೇ ವೆಲ್ಲೆಸ್ಲಿ ಎರಡು ಕಡೆ ಎರಡು ರೀತಿ ನಡೆದುದಕ್ಕೆ ಕಾರಣವೇನು? ಯೂರೋಪಿನಲ್ಲಿ ಗೆದ್ದವನಿಗೆ ಇನ್ನೊಬ್ಬ ಗೆದ್ದವನ ಭಯವಿತ್ತು. ರಷ್ಯವನ್ನು ತೂಗಿಸಲು ಫ್ರಾನ್ಸ್ ಬೇಕಾಗಿತ್ತು. ಮೈಸೂರಿನಲ್ಲಿ ಕಂಪನಿಗೆ ಯಾರ ಭಯವೂ ಇರಲಿಲ್ಲ. ಸಂಯಮವು ಹೊರಗಿನ ಅಂಜಿಕೆಯಿಂದ ಬಂದುದಾದರೆ ಅದು ಅಂಜಿಕೆಯಿರುವ ಕಡೆ ಮಾತ್ರ ಕಾಣುತ್ತದೆ. ಫ್ರಾನ್ಸಿನಲ್ಲಿ ಸೈನ್ಯಕ್ಕೆ ಗಡುವಿತ್ತು, ದಂಡಕ್ಕೆ ಕೊನೆಯಿತ್ತು. ಮೈಸೂರಿನ ಏಳು ಲಕ್ಷ ಪಗೋಡಗಳಿಗೆ ಕೊನೆಯಿರಲಿಲ್ಲ. ಸಹಾಯಕ ಸೈನ್ಯಕ್ಕೆ ಹೊರಡುವ ದಿನವಿರಲಿಲ್ಲ. ೧೮೦೭ರ ಒಪ್ಪಂದ ಅದರ ಮೇಲೆ ನಾಲ್ಕು ಸಾವಿರ ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಟ್ಟಿರುವ ಹೊರೆಯನ್ನೂ ಹೊರಿಸಿತು.

ವೆಲ್ಲೂರಿನಲ್ಲಿ ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಕೋಟೆಯಲ್ಲಿಯೇ ೧೮೦೬ರ ಜುಲೈನಲ್ಲಿ ಸಿಪಾಯಿಗಳು ದಂಗೆಯೆದ್ದರು. ನಗರ ಸೀಮೆಯಲ್ಲಿ ಬೆಂಕಿ ಹೊತ್ತಿದ್ದು ೧೮೩೦ರಲ್ಲಿ. ಕಂದಾಯದ ಭಾರ ತಾಳದ ರೈತರು ಕೂಟ ಸೇರಿದರು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ಮುಂದಾಳಾದನು. ಮೂವತ್ತು ವರ್ಷಗಳ ಹಿಂದೆ ಧೋಂಡಿಯನ ದಂಡು ಅಲೆದ ಸೀಮೆಯೇ ಮತ್ತೆ ರಣಭೂಮಿಯಾಯಿತು. ಆಗ ಕಂಪನಿ ೧೭೯೯ರ ಒಪ್ಪಂದದಲ್ಲಿ ಬರೆಸಿಕೊಂಡಿದ್ದ ಹಕ್ಕನ್ನು ಹೊರತೆಗೆಯಿತು. ೧೮೩೧ರ ಅಕ್ಟೋಬರಿನಲ್ಲಿ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡನು. ಅದು ರಾಜಮನೆತನಕ್ಕೆ ಮರಳಿದುದು ೧೮೮೧ರ ಮಾರ್ಚ್ ೨೫ರಂದು, ಅವರು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ.

ಬನವಾಸಿಗೂ ಸೊರಬಕ್ಕೂ ನಡುವೆ ಎಳೆದ ಗೆರೆ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯಿತು. ಉತ್ತರ ಕನ್ನಡ ಮೊದಲು ಮದರಾಸಿಗೆ, ೧೮೬೨ರಿಂದ ಮುಂಬಯಿಗೆ ಸೇರಿತ್ತು. ಮಧುಕೇಶ್ವರನ ತೇರಿಗೆ ಸೊರಬದ ಕಡೆಯಿಂದ ಹೊರಟವರು ವರದೆಯನ್ನು ದಾಟಿ ಬೇರೊಂದು ರಾಜ್ಯಕ್ಕೆ ಹೋಗಿಬರುತ್ತಿದ್ದರು. ೧೯೫೬ರ ನವೆಂಬರ್ ೧ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು.